ಶಬ್ದಗಳಲ್ಲಿ ಉಳಿದ ಹಳೆಯ ನಂಬಿಕೆಗಳು

ನಾನು ಕಲಾ ವಿಭಾಗದ ವಿದ್ಯಾರ್ಥಿ. ವೈದ್ಯಶಾಸ್ತ್ರದ ಮಾತು ನನಗೇಕೆ ಎಂದು ವಾಚಕರು ಕೇಳಬಹುದು. ಆ ಶಾಸ್ತ್ರದ ಶಬ್ದಗಳ ಕಡೆಗೆ ನನ್ನನ್ನು ಎಳೆದುದು ಒಂದು ಜ್ವರ.

ಕಳೆದ ಮಳೆಗಾಲದಲ್ಲಿ ನನ್ನ ತಂಗಿಗೆ ನಡುಕದ ಜ್ವರ ಬಂದಿತು. “ಮಗಾ, ಇವಳಿಗೆ ಗಾಳಿ ಸೋಕಿದೆ” ಎಂದು ಅಜ್ಜಿ ದಾರ ಮಂತ್ರಿಸಿ ತರಿಸಿ ಕಟ್ಟಿದರು. ಎರಡು ದಿನ ಹಾಗೆಯೇ ಕಳೆಯಿತು. ಮೂರನೆಯ ದಿನ ಅವಳು ಕಣ್ಣು ತೆರೆಯಲಾರದಂತಾದಾಗ ಆಸ್ಪತ್ರೆಗೆ ಒಯ್ದೆವು. ರಕ್ತಪರೀಕ್ಷೆ ಮಾಡಿದ ವೈದ್ಯರು ‘ಮಲೇರಿಯಾ’ ಎಂದರು. ಔಷಧದಿಂದ ತಂಗಿ ಗುಣಹೊಂದಿದಳು. ಅಜ್ಜಿಯ ಮೇಲಣ ನನ್ನ ಕೋಪ ಮಾತ್ರ ಇಳಿಯಲಿಲ್ಲ.

ಮುಂದೊಂದು ದಿನ ಕಾಲೇಜಿನ ಪುಸ್ತಕಭಂಡಾರದಲ್ಲಿ ನಿಘಂಟನ್ನು ತೆರೆದು ನೋಡಿ ಬೆರಗಾದೆ. ಇಟಲಿಯ ಭಾಷೆಯಲ್ಲಿ ‘ಮಾಲಾ’ ಎಂದರೆ ಕೆಟ್ಟ, ‘ಆರಿಯಾ’ ಎಂದರೆ ಗಾಳಿ. ಮಲೇರಿಯಾ ಎಂದರೆ ಕೆಟ್ಟ ಗಾಳಿ! ಅಜ್ಜಿ ಹೇಳಿದ ಗಾಳಿ ದೆವ್ವದ್ದು; ಇಟಲಿಯ ಪಂಡಿತರದು ಜೌಗುನೆಲದ್ದು. ಆದರೂ ಇಬ್ಬರೂ ದೂರಿದುದು ಗಾಳಿಯನ್ನೇ. ಜೌಗಿನ ಬಳಿ ಜ್ವರ ಹೆಚ್ಚೆಂಬ ಅವರ ಅನುಭವ ಸುಳ್ಳಲ್ಲ. ಕಾರಣ ಮಾತ್ರ ಬೇರೆ. 1880ರಲ್ಲಿ ಲಾವೆರಾನ್ ಅಲ್ಜೀರಿಯಾದಲ್ಲಿ ರೋಗಿಯ ರಕ್ತದೊಳಗೆ ಪರೋಪಜೀವಿಯನ್ನು ಕಂಡನು. 1897ರಲ್ಲಿ ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಅದನ್ನು ಸೊಳ್ಳೆಯ ಹೊಟ್ಟೆಯಲ್ಲಿ ಕಂಡನು. ಗಾಳಿ ನಿರಪರಾಧಿಯಾಯಿತು, ಹೆಸರು ಬದಲಾಗಲಿಲ್ಲ.

‘ಇನ್‌ಫ್ಲುಯೆಂಜಾ’ ಕೂಡ ಇಟಲಿಯ ಮಾತೇ. ಅದರ ಅರ್ಥ ಪ್ರಭಾವ. ಆ ಜ್ವರ ನಕ್ಷತ್ರಗಳ ಪ್ರಭಾವದಿಂದ ಬರುವುದೆಂದು ಹಿಂದಿನವರು ನಂಬಿದ್ದರು. ನಾವು ‘ಗ್ರಹಚಾರ’ ಎನ್ನುವಂತೆಯೇ ಇದು. 1933ರಲ್ಲಿ ಮನುಷ್ಯರಿಂದ ಅದರ ವೈರಸ್ಸನ್ನು ಬೇರ್ಪಡಿಸಿದರು.

ಇನ್ನು ನಮ್ಮ ದೇಹದೊಳಗಣ ರಕ್ತನಾಳಗಳನ್ನು ನೋಡೋಣ. ಇಂಗ್ಲಿಷಿನ ‘ಆರ್ಟರಿ’ಗೆ ಮೂಲ ಗ್ರೀಕರ ‘ಆರ್ಟೀರಿಯಾ’. ಶ್ವಾಸನಾಳಕ್ಕೂ ಅವರಲ್ಲಿ ಅದೇ ಹೆಸರು. ಸತ್ತ ದೇಹವನ್ನು ಸೀಳಿದಾಗ ಈ ನಾಳಗಳು ಬಹುಮಟ್ಟಿಗೆ ಬರಿದಾಗಿ ಕಾಣುತ್ತಿದ್ದುದರಿಂದ, ಇವು ಪ್ರಾಣವಾಯುವನ್ನು ಒಯ್ಯುತ್ತವೆಂದು ಎರಾಸಿಸ್ಟ್ರಾಟಸನು ತಿಳಿದನು. ಅವುಗಳಲ್ಲಿರುವುದು ರಕ್ತವೆಂದು ಗೇಲನ್ ಜೀವಂತ ಪ್ರಾಣಿಗಳಲ್ಲಿ ತೋರಿಸಿದನು. ನಮ್ಮ ‘ಧಮನಿ’ ಶಬ್ದವೂ ಸಂಸ್ಕೃತದಲ್ಲಿ ‘ಊದು’ ಎಂಬರ್ಥದ ಧಾತುವಿನಿಂದ ಹುಟ್ಟಿದುದೆಂಬುದು ಸ್ವಾರಸ್ಯವಾದ ಸಂಗತಿ.

‘ಸೆಲ್’ ಎಂಬ ಶಬ್ದದ ಕತೆಯೂ ಇಂಥದೇ. ಲ್ಯಾಟಿನ್ನಿನ ‘ಸೆಲ್ಲಾ’ ಎಂದರೆ ಚಿಕ್ಕ ಕೋಣೆ. 1665ರಲ್ಲಿ ರಾಬರ್ಟ್ ಹುಕ್ ಬಿರಡೆಯ ತೊಗಟೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಅದರೊಳಗಣ ಕಿಂಡಿಗಳಿಗೆ ಈ ಹೆಸರನ್ನು ಬಳಸಿದನು. ಅವನು ಕಂಡುದು ಸತ್ತ ಅಂಗಾಂಶದ ಬರಿಯ ಗೋಡೆಗಳನ್ನು. ಜೀವವಿರುವ ಕೋಣೆ ಬರಿದಲ್ಲವೆಂದು ಆಮೇಲೆ ತಿಳಿಯಿತು. ಕನ್ನಡದಲ್ಲಿ ನಾವದನ್ನು ‘ಜೀವಕೋಶ’ ಎನ್ನುತ್ತೇವೆ. ಕೋಶವೆಂದರೆ ಭಂಡಾರವೂ ಹೌದು. ಈ ಹೆಸರು ವಸ್ತುವಿಗೆ ಹೆಚ್ಚು ಒಪ್ಪುತ್ತದೆಂದು ನನ್ನ ಎಣಿಕೆ.

ಇವುಗಳಿಂದ ನಾವು ತಿಳಿಯಬೇಕಾದುದೇನು? ಹೆಸರಿಟ್ಟವರು ಮೂರ್ಖರಲ್ಲ, ತಮಗೆ ಕಂಡಷ್ಟನ್ನು ಹೇಳಿದರು. ಆದರೆ ಹೆಸರು ತಿಳಿದೊಡನೆ ಕಾರಣವೂ ತಿಳಿಯಿತೆಂದು ಕೈಕಟ್ಟಿ ಕುಳಿತರೆ ಅಪಾಯ ತಪ್ಪದು. ನಮ್ಮ ಮನೆಯಲ್ಲಿ ಕಳೆದ ಆ ಎರಡು ದಿನಗಳೇ ಇದಕ್ಕೆ ಸಾಕ್ಷಿ.

ಅಜ್ಜಿಯ ‘ಸೋಕಿದೆ’ ಎಂಬ ಮಾತಿನ ದಾಯಾದಿಯಾದ ‘ಸೋಂಕು’ ಇಂದು ವೈದ್ಯರ ಶಬ್ದವಾಗಿದೆ. ಮುಟ್ಟುವಿಕೆ ಎಂಬ ಹಳೆಯ ಅರ್ಥದ ಮೇಲೆ ರೋಗಾಣುವಿನ ಹೊಸ ಅರ್ಥ ಸೇರಿಕೊಂಡಿದೆ. ನಾನು ಈ ಕತೆಗಳನ್ನೆಲ್ಲ ಹೇಳಿದಾಗ ಅಜ್ಜಿ ನಕ್ಕು, “ನಿನ್ನ ಪಂಡಿತರೂ ನನ್ನ ಹಾಗೆಯೇ ಅನ್ನು” ಎಂದರು. ಈಗಲೂ ಅವರ ಬಾಯಲ್ಲಿ ಅದು ಗಾಳಿಜ್ವರವೇ. ಆದರೆ ಸಂಜೆಯಾದೊಡನೆ ತಂಗಿಯ ಹಾಸಿಗೆಗೆ ಸೊಳ್ಳೆಪರದೆ ಇಳಿಬಿಡುವವರೂ ಅವರೇ. ಆದ್ದರಿಂದ ಆ ಹೆಸರನ್ನು ನಾನು ತಿದ್ದಲು ಹೋಗಿಲ್ಲ.