ಪವನು ತಿಕ್ಕುವ ಮುನ್ನ

ಮೊದಲು ಆ ಹುಣಸೆಹಣ್ಣನ್ನು ಅಡುಗೆಮನೆಗೇ ವಾಪಸು ಇಡಿ. ಹಲ್ಲುಪುಡಿ, ವಿಭೂತಿ, ಅಂಟುವಾಳದ ನೊರೆ, ಯಾವುದೂ ಬೇಡ. ಮದುವೆಯ ಕಾಲ ಬಂತೆಂದರೆ ನಮ್ಮ ವಿರಾಜಪೇಟೆಯ ಮನೆಮನೆಯಲ್ಲೂ ಒಡವೆಯ ಪೆಟ್ಟಿಗೆ ತೆರೆಯುತ್ತದೆ. ಹಾವಿನ ಹೆಡೆಯ ಕೆಳಗೆ ಚಿನ್ನದ ನಾಣ್ಯ ಕೂರಿಸಿದ ಕೊರಳೊಡವೆ, ಅಜ್ಜಿಯ ಪತ್ತಾಕ್, ಹೊರಬರುತ್ತದೆ, ಅದರ ಜೊತೆಗೆ ಬಟ್ಟೆಯ ಗಂಟಿನಲ್ಲಿ ನಾಲ್ಕಾರು ರಾಣಿ ಪವನುಗಳೂ, ಅಂದರೆ ಬ್ರಿಟಿಷರ ಕಾಲದ ಚಿನ್ನದ ಸಾವರಿನ್ ನಾಣ್ಯಗಳೂ, ಬರುತ್ತವೆ. ಬಣ್ಣ ಮಂಕಾಗಿದೆ ಎಂದು ನೀವು ತಿಕ್ಕಲು ಕೂರುತ್ತೀರಿ. ನಾನೂ ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆಯ ಒಂದು ಪವನನ್ನು ಹಲ್ಲುಪುಡಿ ಹಾಕಿ ತಿಕ್ಕಿ ಫಳಫಳ ಮಾಡಿಟ್ಟಿದ್ದೆ. ಎಷ್ಟೋ ವರ್ಷಗಳ ಮೇಲೆ ನಾಣ್ಯ ಬಲ್ಲ ನೆಂಟರೊಬ್ಬರು ಅದನ್ನು ದೀಪಕ್ಕೆ ಓರೆಯಾಗಿ ಹಿಡಿದು, ರಾಣಿಯ ಕೆನ್ನೆಯ ಮೇಲೆ ಕೂದಲೆಳೆಯಂಥ ಗೀರುಗಳನ್ನು ತೋರಿಸಿದರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ನಿಮಗೆ ಹಾಗಾಗುವುದು ಬೇಡವೆಂದೇ ಹೇಳುತ್ತಿದ್ದೇನೆ.

ಈಗ ಮಕ್ಕಳು ಮೊಬೈಲು ನೋಡಿ, ‘ಗ್ರೇಡಿಂಗ್ ಮಾಡಿಸಿದರೆ ಲಕ್ಷಗಟ್ಟಲೆ ಸಿಗುತ್ತಂತೆ’ ಎಂದು ಆಸೆ ಹುಟ್ಟಿಸುತ್ತಾರೆ. ಸಿಗುವುದೂ ಉಂಟು, ಸಿಗದಿರುವುದೇ ಹೆಚ್ಚು. ಗ್ರೇಡು ಎಂದರೇನೆಂದು ಮೊದಲು ತಿಳಿದುಕೊಳ್ಳಿ. ಅದು ಚಿನ್ನದ ಪರಿಶುದ್ಧಿಯ ಮಾತಲ್ಲ. ನಾಣ್ಯ ಎಷ್ಟು ಸವೆದಿದೆ, ಮೇಲ್ಮೈ ಎಷ್ಟು ಕೆಡದೆ ಉಳಿದಿದೆ ಎಂದು ಕಣ್ಣು ಪಳಗಿದವರು ಕೊಡುವ ಅಭಿಪ್ರಾಯ. ಪವನು ಯಾವುದೇ ಇರಲಿ, ತೂಕ 7.98 ಗ್ರಾಂ, 22 ಕ್ಯಾರೆಟ್, ಅಗಲ 22 ಮಿಲಿಮೀಟರಿಗೆ ಒಂದು ಕೂದಲು ಹೆಚ್ಚು. ನಾವು ಬಾಯಿಮಾತಿಗೆ ಎಂಟು ಗ್ರಾಂ ಅನ್ನುತ್ತೇವೆ. ಅಷ್ಟು ಚಿನ್ನದ ಬೆಲೆ ಹೇಗೂ ಇದ್ದೇ ಇದೆ. ಅದಕ್ಕಿಂತ ಮೇಲೆ ಎಷ್ಟು ಎಂಬುದಷ್ಟೇ ಗ್ರೇಡಿನ ಮಾತು.

ನೀವು ಮಾಡುವ ದೊಡ್ಡ ತಪ್ಪು, ಒಬ್ಬರ ಗ್ರೇಡನ್ನು ಹಿಡಿದು ಇನ್ನೊಬ್ಬರ ಬೆಲೆಪಟ್ಟಿ ನೋಡುವುದು. ತೋಟ ಮಾಡುವ ಮನೆಯವರು ನೀವು, ಅರೇಬಿಕಾ ಪಾರ್ಚ್‌ಮೆಂಟಿನ ರೇಟು ಕೇಳಿಕೊಂಡು ಬಂದು ರೋಬಸ್ಟಾ ಚೆರಿಯ ಚೀಲ ತೂಗಿಸುತ್ತೀರಾ? ಇದೂ ಹಾಗೆಯೇ. ಇಂಗ್ಲೆಂಡಿನವರು ಹಿಂದಿನಿಂದ ಮಾತಿನಲ್ಲೇ ಗ್ರೇಡು ಹೇಳುತ್ತಾರೆ: ಫೈನ್, ವೆರಿ ಫೈನ್, ಎಕ್ಸ್‌ಟ್ರೀಮ್ಲಿ ಫೈನ್, ಅನ್‌ಸರ್ಕ್ಯುಲೇಟೆಡ್. ನಮ್ಮ ದೇಶದ ಹರಾಜಿನ ಕ್ಯಾಟಲಾಗುಗಳಲ್ಲೂ ಈ ಮಾತುಗಳನ್ನೇ ಕಾಣುತ್ತೀರಿ. ‘ಫೈನ್’ ಎಂದು ಬರೆದದ್ದನ್ನು ಓದಿ ಹಿಗ್ಗಬೇಡಿ. ಚೆನ್ನಾಗಿಯೇ ಸವೆದ ನಾಣ್ಯಕ್ಕೆ ಹಾಕುವ ಹೆಸರು ಅದು. ಅಮೆರಿಕದ ಪಿಸಿಜಿಎಸ್ ಮತ್ತು ಎನ್‌ಜಿಸಿ ಎಂಬ ಎರಡು ಸಂಸ್ಥೆಗಳು, ಒಂದು 1986ರಿಂದ, ಇನ್ನೊಂದು 1987ರಿಂದ, ನಾಣ್ಯವನ್ನು ಪ್ಲಾಸ್ಟಿಕ್ ಸ್ಲ್ಯಾಬಿನೊಳಗೆ ಭದ್ರ ಮಾಡಿ 1ರಿಂದ 70ರವರೆಗೆ ಅಂಕ ಕೊಡುತ್ತಿವೆ. ಅವರ ಲೆಕ್ಕದಲ್ಲಿ ಫೈನ್ ಎಂದರೆ ಬರೀ 12ರ ಆಸುಪಾಸು. 50ರಿಂದ 58 ಎಂದರೆ ಅಲ್ಪಸ್ವಲ್ಪ ಸವೆತ, 60 ಮತ್ತು ಮೇಲೆ ಎಂದರೆ ಚಲಾವಣೆಯ ಸವೆತವೇ ಇಲ್ಲ.

ಈ 70ರ ಅಳತೆಯನ್ನು ವಿಲಿಯಂ ಶೆಲ್ಡನ್ ಎಂಬಾತ 1949ರಲ್ಲಿ ಮಾಡಿದ್ದು ಅಮೆರಿಕದ ಹಳೆಯ ತಾಮ್ರದ ಸೆಂಟುಗಳಿಗೆ. ತಾಮ್ರಕ್ಕೆ ಹೊಲಿದ ಅಂಗಿಯನ್ನು ಆಮೇಲೆ ಚಿನ್ನಕ್ಕೂ ತೊಡಿಸಿದರು. ಚಿನ್ನ ಮೆತ್ತಗಿನ ಲೋಹ. ಟಂಕಸಾಲೆಯ ಚೀಲದಲ್ಲಿ ಒಂದರ ಮೇಲೊಂದು ಬಿದ್ದರೂ ಗಾಯವಾಗುತ್ತದೆ. ಆದ್ದರಿಂದ ಜನರ ಕೈಗೇ ಹೋಗದ 61ರ ಪವನಿನ ತುಂಬ ಚೀಲದ ಏಟುಗಳಿರಬಹುದು, ಕೂದಲಿನ ಎತ್ತರದ ಜಾಗದಲ್ಲಿ ಮಾತ್ರ ತುಸು ಸವೆದ 58ರ ಪವನು ಅದಕ್ಕಿಂತ ಕಣ್ಣಿಗೆ ಚಂದ ಕಾಣಬಹುದು. ನನ್ನನ್ನು ಕೇಳಿದರೆ ನಾನು 58ರದ್ದನ್ನೇ ಆರಿಸಿಕೊಳ್ಳುತ್ತೇನೆ. ಇನ್ನೊಂದು ಮಾತು, ಒಂದೇ ನಾಣ್ಯವನ್ನು ಸ್ಲ್ಯಾಬಿನಿಂದ ಬಿಚ್ಚಿ ಎರಡನೇ ಸಲ ಕಳಿಸಿದರೆ ಒಂದಂಕ ಆಚೀಚೆ ಬರುವುದುಂಟು. ಮನುಷ್ಯರ ಕಣ್ಣು ತಾನೇ. ಚೀಟಿಯ ಮೇಲಿನ ಅಂಕವನ್ನು ನೋಡಿ ದುಡ್ಡು ಕೊಡಬೇಡಿ, ಒಳಗಿನ ನಾಣ್ಯ ನೋಡಿ ಕೊಡಿ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂದಿದ್ದಾರೆ ಹಿರಿಯರು. ನಕಲಿ ಸ್ಲ್ಯಾಬುಗಳೂ ಬಂದಿವೆ, ಸ್ಲ್ಯಾಬಿನ ಮೇಲಿನ ಸಂಖ್ಯೆಯನ್ನು ಆ ಸಂಸ್ಥೆಯ ದಾಖಲೆಯಲ್ಲಿ ಹುಡುಕಿ, ಚಿತ್ರವಿದ್ದರೆ ತಾಳೆ ನೋಡದೆ ಕೈ ಚಾಚಬೇಡಿ.

ಇನ್ನು ಪತ್ತಾಕ್‌ನಲ್ಲಿ ಕೂರಿಸಿದ ಪವನಿನ ವಿಷಯ. ಬೇಸರ ಮಾಡಿಕೊಳ್ಳಬೇಡಿ, ಕೊಂಡಿ ಬೆಸೆದ ಪವನಿಗೆ ಈ ಸಂಸ್ಥೆಗಳು ಅಂಕವನ್ನೇ ಕೊಡುವುದಿಲ್ಲ. ಕೊಂಡಿ ಕಿತ್ತು ಅಂಚು ಉಜ್ಜಿ ಕಳಿಸಿದರೂ ಅವರ ಕಣ್ಣಿಗೆ ಬೀಳುತ್ತದೆ. ತಿಕ್ಕಿದ ನಾಣ್ಯದ ಗತಿಯೂ ಅದೇ. ಅಂಥವಕ್ಕೆ ‘ಡೀಟೇಲ್ಸ್’ ಎಂದು ಬರೆದು, ಒಡವೆಯಿಂದ ಬಿಡಿಸಿದ್ದು, ತಿಕ್ಕಿದ್ದು ಎಂಬ ಕಾರಣ ನಮೂದಿಸಿ ಕಳಿಸುತ್ತಾರೆ. ಹಾಗಾಗಿ ಹಾವಿನ ಹೆಡೆಯ ಕೆಳಗೆ ಕೂತ ಪವನನ್ನು ಲಕ್ಷದ ಆಸೆಗೆ ಕೀಳಿಸಬೇಡಿ. ಪತ್ತಾಕೂ ಹೋಯಿತು, ಗ್ರೇಡೂ ಬರಲಿಲ್ಲ ಎಂದಾಗುತ್ತದೆ. ಅದು ಸೊಸೆಯ ಕೊರಳಿಗೇ ಇರಲಿ.

ಬಿಡಿ ಪವನುಗಳನ್ನು ಮಾತ್ರ ಹತ್ತು ಪಟ್ಟು ತೋರಿಸುವ ಮಸೂರ ಹಿಡಿದು ನೋಡಿ. ಅಂಚನ್ನೇ ಹಿಡಿಯಿರಿ, ಮುಖಕ್ಕೆ ಬೆರಳು ತಾಗಿಸಬೇಡಿ, ಕೆಳಗೆ ಮೆತ್ತಗಿನ ಬಟ್ಟೆ ಹಾಸಿಕೊಳ್ಳಿ. ವಿಕ್ಟೋರಿಯಾ ರಾಣಿ ಮೂರು ಮುಖದಲ್ಲಿ ಸಿಗುತ್ತಾಳೆ: ತಲೆಗೆ ಪಟ್ಟಿ ಕಟ್ಟಿದ ಎಳೆಯ ಮುಖ, 1887ರಿಂದ ಪುಟ್ಟ ಕಿರೀಟ, 1893ರಿಂದ ಸೆರಗು ಹೊದ್ದ ಮುಪ್ಪಿನ ಮುಖ. ಐದನೇ ಜಾರ್ಜನ 1918ರ ಪವನು ಸಿಕ್ಕರೆ ಹಿಂಬದಿಯ ಚಿತ್ರದಲ್ಲಿ ಕುದುರೆಯ ಕಾಲ ಕೆಳಗಿನ ನೆಲದ ಮೇಲೆ ಇಂಗ್ಲಿಷಿನ ಪುಟ್ಟ ‘ಐ’ ಅಕ್ಷರ ಇದೆಯೇ ಹುಡುಕಿ. ಇದ್ದರೆ ಅದು ಬೊಂಬಾಯಿಯ ಟಂಕಸಾಲೆಯದು, ಅಲ್ಲಿ ಪವನು ಹೊಡೆದದ್ದು ಆ ಒಂದೇ ವರ್ಷ. ಅದೇ ವರ್ಷ ಅದೇ ತೂಕಕ್ಕೆ ಹದಿನೈದು ರೂಪಾಯಿಯ ಚಿನ್ನದ ನಾಣ್ಯವನ್ನೂ ಅಲ್ಲಿ ಹೊಡೆದರು. ಇಂಥದ್ದು ಒಳ್ಳೆಯ ಸ್ಥಿತಿಯಲ್ಲಿದ್ದರೆ ಗ್ರೇಡಿಂಗಿಗೆ ದುಡ್ಡು ಹಾಕಿ. ಸಾಮಾನ್ಯ ವರ್ಷದ ಸವೆದ ಪವನಿಗೆ ಹಾಕಬೇಡಿ, ಚಿನ್ನದ ಬೆಲೆಯ ಮೇಲೆ ಸಿಗುವ ನಾಲ್ಕು ಕಾಸು ಶುಲ್ಕಕ್ಕೇ ಹೋಗುತ್ತದೆ.

ಅಕ್ಕಸಾಲಿಗರು ಒರೆಗಲ್ಲಿಗೆ ಹಚ್ಚಿ ನೋಡಿ ‘ಅಸಲಿ ರಾಣಿ ಪವನು’ ಎಂದರೆ ನಂಬಿಬಿಡಬೇಡಿ. ಅವರ ಪ್ರಾಮಾಣಿಕತೆಯ ಪ್ರಶ್ನೆಯಲ್ಲ ಇದು. ಒರೆಗಲ್ಲು ಚಿನ್ನವನ್ನು ಹೇಳುತ್ತದೆ, ನಾಣ್ಯವನ್ನು ಹೇಳುವುದಿಲ್ಲ. 1950–60ರ ದಶಕಗಳಲ್ಲಿ ಬೇರೂತ್ ಕಡೆ ಸರಿಯಾದ ಚಿನ್ನದಲ್ಲೇ ನಕಲಿ ಪವನುಗಳನ್ನು ಮಾಡಿ ಹರಿಯಬಿಟ್ಟಿದ್ದರು. ಒಡವೆಗೆಂದೇ ಅಚ್ಚೊತ್ತಿದ ರಾಣಿಯ ಮುಖಗಳೂ ಇವೆ. ಬೆಳ್ಳಗಿರುವುದೆಲ್ಲ ಹಾಲಲ್ಲ. ಅಲ್ಲದೆ, ಒರೆಗೆ ಹಚ್ಚಿದ ಆ ಗೀರೇ ಗ್ರೇಡನ್ನು ಕೊಲ್ಲುತ್ತದೆ.

ಕೆಲವರ ಮನೆಯಲ್ಲಿ ಪವನಿಗಿಂತ ಹಳೆಯದೂ ಇರುತ್ತದೆ. ಬೆರಳ ತುದಿಯಷ್ಟೂ ಇಲ್ಲದ ವೀರರಾಯ ಹಣ, ಕಂಠೀರಾಯ ಹಣ, ಶಿವಪಾರ್ವತಿಯರಿರುವ ಹೈದರಾಲಿಯ ಬಹಾದುರಿ ವರಹ. ಇವನ್ನು ಕೈಯಿಂದ ಬಡಿದು ಮಾಡಿದ್ದು. ಅಚ್ಚು ದೊಡ್ಡದು, ಬಿಲ್ಲೆ ಚಿಕ್ಕದು, ಚಿತ್ರದ ಅರ್ಧ ಹೊರಗೇ ಉಳಿದಿರುತ್ತದೆ. ಅದನ್ನು ಸವೆತವೆಂದು ತಿಳಿದು ನಾಲ್ಕು ಕಾಸಿಗೆ ಕೊಟ್ಟುಬಿಡಬೇಡಿ. ಪ್ರಾಚೀನ ನಾಣ್ಯಗಳಿಗೆ ಎನ್‌ಜಿಸಿಯವರು ಸವೆತದ ಗ್ರೇಡು ಒಂದು, ಅಚ್ಚು ಬಿದ್ದ ರೀತಿಗೆ ಐದರಲ್ಲಿ ಅಂಕ, ಮೇಲ್ಮೈಗೆ ಐದರಲ್ಲಿ ಅಂಕ ಎಂದು ಬೇರೆಬೇರೆಯಾಗಿ ಕೊಡುತ್ತಾರೆ. ಮನೆಯ ಹಣ, ವರಹಗಳನ್ನು ನೋಡುವಾಗ ನೀವೂ ಹಾಗೆ ಮೂರು ಕಣ್ಣಿನಿಂದ ನೋಡಿ. ಕಣ್ಣು ಪಳಗಬೇಕಾದರೆ ಉಡುಪಿಗೆ ಹೋದಾಗ ಕೃಷ್ಣಮಠದ ಜೊತೆ ಹಾಜಿ ಅಬ್ದುಲ್ಲಾ ಸಾಹೇಬರ ಮನೆಯಲ್ಲಿರುವ ನಾಣ್ಯ ಸಂಗ್ರಹಾಲಯಕ್ಕೂ ಒಂದು ಗಂಟೆ ಕೊಡಿ.

‘ಅಮೆರಿಕದಿಂದ ಮಗ ಬಂದಿದ್ದಾನೆ, ಜೇಬಿನಲ್ಲಿ ಹಾಕಿ ಕಳಿಸುತ್ತೇನೆ, ಅಲ್ಲೇ ಗ್ರೇಡ್ ಮಾಡಿಸಲಿ’ ಅನ್ನುತ್ತೀರಲ್ಲ, ಅದಂತೂ ಬೇಡವೇ ಬೇಡ. 1972ರ ಪುರಾವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ತುಂಬಿದ ನಾಣ್ಯ ಪುರಾವಸ್ತು. ಅನುಮತಿಯಿಲ್ಲದೆ ದೇಶದಾಚೆ ಒಯ್ಯುವುದು ಅಪರಾಧ. 1918ರ ಪವನಿಗೂ ಈಗ ನೂರು ದಾಟಿತು. ಚಿನ್ನದ ಸೂಜಿಯೆಂದು ಕಣ್ಣಿಗೆ ಚುಚ್ಚಿಕೊಳ್ಳಲಾದೀತೇ? ತೋಟದಲ್ಲಿ ಗುಂಡಿ ತೋಡುವಾಗ ಕುಡಿಕೆ ಸಿಕ್ಕರೂ ಅಷ್ಟೇ, ಮುಚ್ಚಿಡದೆ ಜಿಲ್ಲಾಡಳಿತಕ್ಕೆ ತಿಳಿಸಿ.

ಇಡುವ ಬಗೆಯಲ್ಲೂ ನಿಮ್ಮ ಅಸಡ್ಡೆ ಕಡಿಮೆಯಿಲ್ಲ. ನಮ್ಮ ಮಳೆಗಾಲದ ಥಂಡಿ ಗೊತ್ತಲ್ಲ. 22 ಕ್ಯಾರೆಟ್ಟಿನಲ್ಲಿ ತಾಮ್ರವಿದೆ, ಅದಕ್ಕೇ ಬಣ್ಣ ತಿರುಗುವುದು. ಮೆತ್ತಗಿನ ಪಿವಿಸಿ ಪ್ಲಾಸ್ಟಿಕ್ ಕವರು ಕಾಲಕ್ರಮದಲ್ಲಿ ಹಸಿರು ಜಿಡ್ಡು ಬಿಡುತ್ತದೆ, ರಬ್ಬರ್ ಬ್ಯಾಂಡಿನಲ್ಲಿ ಗಂಧಕ ಇರುತ್ತದೆ. ಎರಡೂ ಬೇಡ. ಒಂದೊಂದು ಪವನಿಗೆ ಒಂದೊಂದು ಗಟ್ಟಿ ಕ್ಯಾಪ್ಸೂಲ್ ತಂದು, ಡಬ್ಬಿಗೆ ಸಿಲಿಕಾ ಪೊಟ್ಟಣ ಹಾಕಿ. ಎರಡೂ ಬದಿಯ ಫೋಟೊ ತೆಗೆದು, ತೂಕ ಬರೆದು, ಯಾವ ಪವನು ಯಾವ ಅಜ್ಜಿಯಿಂದ ಯಾರ ಮದುವೆಗೆ ಬಂತು ಎಂದು ಒಂದು ಚೀಟಿಯಲ್ಲಿ ಬರೆದಿಡಿ. ಆ ಅಜ್ಜಿಯ ಹೆಸರು ಗೊತ್ತಿಲ್ಲವಾದರೆ ಮನೆಯ ಹಿರಿಯರು ಇರುವಾಗಲೇ, ಈ ಭಾನುವಾರವೇ ಹೋಗಿ ಕೇಳಿಕೊಂಡು ಬನ್ನಿ.