ಕಬ್ಬಿನ ಹೊಲದಲ್ಲಿ ಪ್ಯಾಟನ್ ಟ್ಯಾಂಕು: 35 ಪಟ್ಟು ಕುಗ್ಗಿಸಿದಾಗ ಏನೇನು ಕುಗ್ಗುವುದಿಲ್ಲ?

ಎರಡು ವರ್ಷದ ಹಿಂದೆ ನಮ್ಮ ಶಾಲೆಯ ಮಕ್ಕಳು ಒಂದು ವಿಜ್ಞಾನ ಪ್ರದರ್ಶನಕ್ಕೆ ಯುದ್ಧಭೂಮಿಯ ಡಯೊರಾಮಾ ಮಾಡಿಕೊಂಡು ಹೋಗಿದ್ದರು. 1965ರ ಅಸಲ್ ಉತ್ತರ್ ಕದನದ ದೃಶ್ಯ. ಹಲಗೆಯ ಮೇಲೆ ಎರಡು ಟ್ಯಾಂಕು, ನಡುವೆ ಕೆಸರು, ಸುತ್ತ ಕಬ್ಬು. ತೀರ್ಪುಗಾರರೊಬ್ಬರು ನೋಡಿ, "ಚೆನ್ನಾಗಿದೆ. ಆದರೆ ಇದು ಕರಕುಶಲ ಆಯಿತು, ಇದರಲ್ಲಿ ವಿಜ್ಞಾನ ಎಲ್ಲಿದೆ?" ಎಂದರು. ಮಕ್ಕಳು ನನ್ನ ಮುಖ ನೋಡಿದರು. ನನಗೂ ತಟ್ಟನೆ ಉತ್ತರ ಹೊಳೆಯಲಿಲ್ಲ.

ವಾಪಸ್ ಬರುವಾಗ ಟೆಂಪೋದಲ್ಲಿ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು, "ಸರ್, ಒಂದ್ ಮಾತ್ ಹೇಳ್ಲೇನ್ರಿ? ನಮ್ಮ ಕಬ್ಬು ಭಾಳ ಗಿಡ್ಡ ಆಗ್ಯಾವ್ರಿ. ಸಪ್ಟೆಂಬರದಾಗ ಕಬ್ಬು ಇಷ್ಟ ಇರಂಗಿಲ್ರಿ" ಎಂದಳು. ಅವರದು ಕಬ್ಬು ಬೆಳೆಯುವ ಮನೆ. ತೀರ್ಪುಗಾರರ ಪ್ರಶ್ನೆಗೆ ಉತ್ತರ ಆ ಮಾತಿನಲ್ಲೇ ಇತ್ತು. ಹೇಗೆ ಅಂತ ನೋಡೋಣ.

ಮೊದಲು ಕಥೆ. 1965ರ ಸೆಪ್ಟೆಂಬರ್ 8ರಿಂದ 10ರವರೆಗೆ ಪಂಜಾಬಿನ ಖೇಮ್‌ಕರಣ್ ಹತ್ತಿರದ ಅಸಲ್ ಉತ್ತರ್ ಎಂಬ ಹಳ್ಳಿಯ ಸುತ್ತ ಭಾರತ ಮತ್ತು ಪಾಕಿಸ್ತಾನದ ಟ್ಯಾಂಕುಗಳ ನಡುವೆ ದೊಡ್ಡ ಕಾಳಗ ನಡೆಯಿತು. ಪಾಕಿಸ್ತಾನದ ಬಳಿ ಅಮೆರಿಕದ ಪ್ಯಾಟನ್ ಟ್ಯಾಂಕುಗಳಿದ್ದವು. ಆ ಕಾಲಕ್ಕೆ ಅವು ಹೊಸವು, ಬಲಿಷ್ಠ. ನಮ್ಮ ಸೈನ್ಯ ಸ್ವಲ್ಪ ಹಿಂದೆ ಸರಿದು, ಕುದುರೆ ಲಾಳದ ಆಕಾರದಲ್ಲಿ ನೆಲೆ ಹಿಡಿಯಿತು. ಕಾಲುವೆ ಒಡೆದು ಹೊಲಗಳಿಗೆ ನೀರು ಬಿಟ್ಟರು. ಸೆಂಚುರಿಯನ್, ಶೆರ್ಮನ್ ಟ್ಯಾಂಕುಗಳನ್ನು ಎತ್ತರದ ಕಬ್ಬಿನಲ್ಲಿ ಅಡಗಿಸಿದರು. ಮುನ್ನುಗ್ಗಿ ಬಂದ ಪ್ಯಾಟನ್‌ಗಳು ಕೆಸರಿನಲ್ಲಿ ಹೂತುಕೊಂಡವು, ಬಲೆಯೊಳಗೆ ಸಿಕ್ಕವು. ಜೀಪಿನ ಮೇಲೆ ಕೂರಿಸಿದ ತೋಪಿನಿಂದ ಹಲವು ಟ್ಯಾಂಕುಗಳನ್ನು ಹೊಡೆದ ಅಬ್ದುಲ್ ಹಮೀದ್ ಅವರು ಮಡಿದದ್ದು ಇಲ್ಲೇ, ಸೆಪ್ಟೆಂಬರ್ 10ರಂದು. ಅವರಿಗೆ ಮರಣೋತ್ತರವಾಗಿ ಪರಮವೀರ ಚಕ್ರ ಬಂತು. ಕೈಗೆ ಸಿಕ್ಕ ಟ್ಯಾಂಕುಗಳನ್ನು ಒಂದೆಡೆ ಸಾಲಾಗಿ ನಿಲ್ಲಿಸಿದ ಜಾಗಕ್ಕೆ ಜನ 'ಪ್ಯಾಟನ್ ನಗರ' ಎಂದೇ ಹೆಸರಿಟ್ಟರು.

ಅಂದರೆ ಈ ಕದನದಲ್ಲಿ ಎರಡು ಸಂಗತಿ ಮುಖ್ಯ: ಕಬ್ಬಿನ ಎತ್ತರ, ಕೆಸರಿನ ಮೆತ್ತಗೆ. ಎರಡೂ ಅಳತೆಗೆ ಸಂಬಂಧಿಸಿದ್ದು.

ಸೇನಾ ಮಾದರಿ ಮಾಡುವವರು ಹೆಚ್ಚಾಗಿ 1/35 ಸ್ಕೇಲ್ ಬಳಸುತ್ತಾರೆ. ನಿಜವಾದ ವಸ್ತುವಿನ 35 ಸೆಂ.ಮೀ. ನಮ್ಮ ಹಲಗೆಯ ಮೇಲೆ 1 ಸೆಂ.ಮೀ. ಆಗುತ್ತದೆ. ಪ್ಯಾಟನ್ ಎಂ-48 ಟ್ಯಾಂಕಿನ ಎತ್ತರ ಸುಮಾರು 3.1 ಮೀಟರ್. ಅದನ್ನು 35ರಿಂದ ಭಾಗಿಸಿದರೆ 8.9 ಸೆಂ.ಮೀ. ಅಗಲ ಸುಮಾರು 3.65 ಮೀಟರ್, ಅದು 10.4 ಸೆಂ.ಮೀ. 170 ಸೆಂ.ಮೀ. ಎತ್ತರದ ಸೈನಿಕ 4.9 ಸೆಂ.ಮೀ. ಇಷ್ಟು ನಾವು ಸರಿಯಾಗಿಯೇ ಮಾಡಿದ್ದೆವು. ಆದರೆ ಕಬ್ಬಿಗೆ ಕಸಬರಿಗೆ ಕಡ್ಡಿಗಳನ್ನು ಕಣ್ಣಂದಾಜಿನಲ್ಲಿ 4 ಸೆಂ.ಮೀ.ಗೆ ಕತ್ತರಿಸಿ ನೆಟ್ಟಿದ್ದೆವು. 4 × 35 = 140 ಸೆಂ.ಮೀ. ಇಷ್ಟು ಗಿಡ್ಡ ಕಬ್ಬಿನ ಹಿಂದೆ ಸೆಂಚುರಿಯನ್ ಟ್ಯಾಂಕು ಅಡಗುವುದು ಹೇಗೆ? ಅದರ ಎತ್ತರವೂ 3 ಮೀಟರ್! ನಮ್ಮ ಹಲಗೆ ನೋಡಿದವರಿಗೆ ಆ ಕದನ ಅರ್ಥವೇ ಆಗುವಂತಿರಲಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಒಳ್ಳೆ ಕಬ್ಬು ಸೋಗೆ ಸೇರಿ 3 ಮೀಟರ್ ಹತ್ತಿರ ಬರುತ್ತದೆ ಎಂದುಕೊಂಡರೆ, ಕಡ್ಡಿ 8.6 ಸೆಂ.ಮೀ. ಇರಬೇಕಿತ್ತು. ಹುಡುಗಿ ಹೇಳಿದ್ದು ಸರಿ.

ಇನ್ನೊಂದು ತಪ್ಪು ಅವಳಿಗೂ ಹೊಳೆದಿರಲಿಲ್ಲ. ಎರಡು ಟ್ಯಾಂಕುಗಳನ್ನು ಟಗರಿನ ಕಾಳಗದ ಹಾಗೆ ಎದುರುಬದುರು ನಿಲ್ಲಿಸಿದ್ದೆವು, ನಡುವೆ 20 ಸೆಂ.ಮೀ. ಲೆಕ್ಕ ಹಾಕಿ: 7 ಮೀಟರ್. ಒಂದು ಟ್ಯಾಂಕಿನ ಉದ್ದವೂ ಆಗಲಿಲ್ಲ! ಟ್ಯಾಂಕುಗಳು ಹೊಡೆದಾಡುವ ದೂರವನ್ನು ಅಂದಾಜಿಗೆ 500 ಮೀಟರ್ ಅಂತ ಹಿಡಿಯಿರಿ. 1/35ರಲ್ಲಿ ಅದು 14.3 ಮೀಟರ್, ನಮ್ಮ ತರಗತಿಯ ಕೋಣೆಗಿಂತ ಉದ್ದ. ಬರೀ 100 ಮೀಟರ್ ಎಂದರೂ 2.86 ಮೀಟರ್ ಬೇಕು. 40 × 30 ಸೆಂ.ಮೀ. ಹಲಗೆಯಲ್ಲಿ ಹಿಡಿಯುವುದು 14 × 10.5 ಮೀಟರ್ ನೆಲ ಅಷ್ಟೇ. ಹಾಗಾಗಿ ಡಯೊರಾಮಾದಲ್ಲಿ ಇಡೀ ಕದನ ಬರುವುದಿಲ್ಲ, ಒಂದು ಮೂಲೆ ಮಾತ್ರ ಬರುತ್ತದೆ. ಯಾವ ಮೂಲೆ ಅನ್ನುವುದನ್ನು ನೀವು ಆರಿಸಬೇಕು. ಈ ಸಲ ನಾವು ಆರಿಸಿದ್ದು: ಕೆಸರಿನಲ್ಲಿ ಹೂತ, ಮೇಲಿನ ಮುಚ್ಚಳ ತೆರೆದಿರುವ, ಒಳಗಿದ್ದ ನಾಲ್ವರೂ ಬಿಟ್ಟುಹೋದ ಒಂದೇ ಒಂದು ಪ್ಯಾಟನ್.

ಹೂತ ಟ್ಯಾಂಕು ಅಂದೆನಲ್ಲ, ಅಲ್ಲೊಂದು ಮಜಾ ಇದೆ. ನಿಜವಾದ ಪ್ಯಾಟನ್ ತೂಕ ಸುಮಾರು 45 ಟನ್. ಉದ್ದ, ಅಗಲ, ಎತ್ತರ ಮೂರೂ 35 ಪಟ್ಟು ಕುಗ್ಗಿದರೆ ಗಾತ್ರ 35 × 35 × 35, ಅಂದರೆ 42,875 ಪಟ್ಟು ಕುಗ್ಗುತ್ತದೆ. ಅದೇ ಉಕ್ಕಿನಲ್ಲಿ, ಒಳಗಿನ ಯಂತ್ರವೂ ಸೇರಿ ಹಾಗೇ ಕುಗ್ಗಿಸಿದರೆ ತೂಕ ಕೇವಲ 1.05 ಕೆ.ಜಿ. ಆದರೆ ನೆಲಕ್ಕೆ ತಾಗುವ ಚೈನಿನ ವಿಸ್ತೀರ್ಣ ಕುಗ್ಗುವುದು 35 × 35, ಅಂದರೆ 1,225 ಪಟ್ಟು ಮಾತ್ರ. ತೂಕ ಜಾಸ್ತಿ ಕುಗ್ಗಿತು, ವಿಸ್ತೀರ್ಣ ಕಡಿಮೆ ಕುಗ್ಗಿತು. ಒತ್ತಡ ಅಂದರೆ ಬಲ ಭಾಗಿಸು ವಿಸ್ತೀರ್ಣ ತಾನೆ? ನಿಜವಾದ ಟ್ಯಾಂಕು ನೆಲದ ಪ್ರತಿ ಚದರ ಸೆಂ.ಮೀ. ಮೇಲೆ ಸುಮಾರು 0.8 ಕೆ.ಜಿ. ಭಾರ ಹಾಕುತ್ತದೆ. ಮಾದರಿ ಹಾಕುವುದು ಅದರ 35ರಲ್ಲಿ ಒಂದು ಪಾಲು, ಸುಮಾರು 23 ಗ್ರಾಂ. ರಟ್ಟಿನ ಮಾದರಿಯಾದರೆ ಇನ್ನೂ ಕಡಿಮೆ. ಅದನ್ನು ಎಷ್ಟೇ ಹಸಿ ಕೆಸರಿನ ಮೇಲೆ ಇಟ್ಟರೂ ಮೇಲೇ ಕೂತಿರುತ್ತದೆ, ಗುಬ್ಬಚ್ಚಿ ಕೂತ ಹಾಗೆ. ಆದ್ದರಿಂದಲೇ ಹೊಸಬರ ಡಯೊರಾಮಾದಲ್ಲಿ ಟ್ಯಾಂಕು ನೆಲದ ಮೇಲೆ ತೇಲಿದಂತೆ ಕಾಣುವುದು. ಪ್ಲಾಸ್ಟರ್ ಹಸಿ ಇರುವಾಗಲೇ ಕೈಯಿಂದ ಒತ್ತಿ ಹೂಳಬೇಕು. ಹಿಂದೆ ಅದು ಬಂದ ದಾರಿಯಲ್ಲಿ ಚೈನಿನ ಗುರುತು, ಪಕ್ಕಕ್ಕೆ ಉಬ್ಬಿದ ಮಣ್ಣು, ಎಲ್ಲವನ್ನೂ ನಾವೇ ಮಾಡಬೇಕು. ಭೌತವಿಜ್ಞಾನ ನಮಗಾಗಿ ಮಾಡಿಕೊಡುವುದಿಲ್ಲ.

ಕಟ್ಟುವ ಕೆಲಸ ಬೇಗ ಹೇಳಿಬಿಡುತ್ತೇನೆ. ಪ್ಲಾಸ್ಟಿಕ್ ಕಿಟ್ ದುಬಾರಿ, ನಾವು ಕೊಂಡಿಲ್ಲ. ದಪ್ಪ ರಟ್ಟಿನಲ್ಲಿ ಮೈ ಕಟ್ಟಿದೆವು. ಪ್ಯಾಟನ್‌ಗೆ ಒಂದೊಂದು ಬದಿಗೆ ಆರು ದೊಡ್ಡ ಗಾಲಿ. 1/35ರಲ್ಲಿ ಒಂದೊಂದೂ 2 ಸೆಂ.ಮೀ.ಗಿಂತ ಸ್ವಲ್ಪ ಕಡಿಮೆ. ತೊಳೆದ ಇಂಜೆಕ್ಷನ್ ಬಾಟಲಿಗಳ ರಬ್ಬರ್ ಬಿರಡೆ ಅಳತೆ ಮಾಡಿಸಿದ ಹಾಗೆ ಹೊಂದುತ್ತದೆ. ಚೈನಿಗೆ ಪೆಟ್ಟಿಗೆಯ ಏಣುಏಣಾದ ರಟ್ಟು. ನೆಲಕ್ಕೆ ಥರ್ಮೋಕೋಲ್, ಅದರ ಮೇಲೆ ಪ್ಲಾಸ್ಟರ್ ಆಫ್ ಪ್ಯಾರಿಸ್, ಜರಡಿ ಹಿಡಿದ ಮಣ್ಣು, ಫೆವಿಕಾಲ್. ಮಣ್ಣನ್ನು ಜರಡಿ ಹಿಡಿಯಲೇಬೇಕು: 3 ಮಿ.ಮೀ. ಹರಳು ಅಲ್ಲಿ 10 ಸೆಂ.ಮೀ. ಕಲ್ಲಾಗಿ ಕಾಣುತ್ತದೆ. ಕಬ್ಬಿನ ಬುಡದಲ್ಲಿ ಒಣ ರವದಿಯ ಬಣ್ಣ, ಮೇಲೆ ಹಸಿರು. ಇದನ್ನು ನಮ್ಮ ಕಡೆಯ ಮಕ್ಕಳಿಗೆ ಹೇಳಿಕೊಡಬೇಕಿಲ್ಲ.

ಬಣ್ಣದ ವಿಷಯಕ್ಕೆ ಬರೋಣ, ಇಲ್ಲಿ ನಿಧಾನ ಬೇಕು. 1970ರ ದಶಕದಲ್ಲಿ ಅಮೆರಿಕದ ಶೆಪರ್ಡ್ ಪೇನ್ ಎಂಬವರು ಮಾನೋಗ್ರಾಂ ಕಂಪನಿಯ ಕಿಟ್‌ಗಳಿಗೆ ಡಯೊರಾಮಾ ಮಾಡಿಕೊಟ್ಟರು. ಅವನ್ನು ಮಾಡಿದ್ದು ಹೇಗೆಂದು ತಿಳಿಸುವ ಸಣ್ಣ ಹಾಳೆಗಳು ಆ ಪೆಟ್ಟಿಗೆಗಳಲ್ಲೇ ಬರುತ್ತಿದ್ದವು. ಎಷ್ಟೋ ಜನ ಅವನ್ನು ನೋಡಿಯೇ ಕಲಿತರು. ಆ ಹಳೆಯ ಪದ್ಧತಿಯ ಜೀವಾಳ ಎರಡು ಕೆಲಸ. ಮೊದಲನೆಯದು 'ವಾಶ್': ತಳಬಣ್ಣ ಒಣಗಿದ ಮೇಲೆ ಕಡುಕಂದು ಬಣ್ಣವನ್ನು ತುಂಬಾ ತೆಳ್ಳಗೆ ಮಾಡಿ ಹರಿಯಬಿಡುವುದು. ಅದು ಸಂದಿಗೊಂದಿಗೆ ತಾನಾಗೇ ಓಡಿಹೋಗಿ ನಿಲ್ಲುತ್ತದೆ, ಪಾಠದಲ್ಲಿ ಓದಿದ ಲೋಮನಾಳ ಕ್ರಿಯೆ. ಎರಡನೆಯದು 'ಒಣ ಕುಂಚ': ತಿಳಿ ಬಣ್ಣದಲ್ಲಿ ಬ್ರಷ್ ಅದ್ದಿ, ಬಟ್ಟೆಗೆ ಒರೆಸಿ ಒರೆಸಿ ಇನ್ನೇನು ಬಣ್ಣ ಉಳಿದಿಲ್ಲ ಅನ್ನುವಾಗ ಮೇಲೆ ಮೇಲೆ ಸವರುವುದು. ಬ್ರಷ್ ತಾಗುವುದು ಏಣುಗಳಿಗೆ ಮಾತ್ರ, ಅವಷ್ಟೇ ಬೆಳಗುತ್ತವೆ.

ನಮ್ಮ ಮೊದಲ ವಾಶ್ ಕೆಟ್ಟಿತು. ತಳಬಣ್ಣ ಪೋಸ್ಟರ್ ಕಲರ್ ಆಗಿತ್ತು. ನೀರು ತಾಗಿದ್ದೇ ತಡ, ಅದೇ ಕರಗಿ ಎದ್ದು ರಾಡಿಯಾಯಿತು. ತಳಕ್ಕೆ ಅಕ್ರಿಲಿಕ್ ಬಳಿಯಿರಿ, ಒಣಗಿದ ಮೇಲೆ ನೀರಿಗೆ ಕರಗದು. ಆಗ ಇನ್ನೊಂದು ತೊಂದರೆ ಬಂತು: ವಾಶ್ ಹರಿಯದೆ ಕೆಸುವಿನ ಎಲೆಯ ಮೇಲಿನ ನೀರಿನಂತೆ ಹನಿಹನಿಯಾಗಿ ಕೂತಿತು. ಮೇಲ್ಮೈ ಎಳೆತ! ಪಾತ್ರೆ ತೊಳೆಯುವ ಸೋಪಿನ ಒಂದೇ ಹನಿ ಹಾಕಿದೆವು, ಸರಕ್ಕನೆ ಹರಡಿತು. ಹಳಬರು ಎಣ್ಣೆಬಣ್ಣವನ್ನು ಟರ್ಪೆಂಟೈನಿನಲ್ಲಿ ತೆಳ್ಳಗೆ ಮಾಡುತ್ತಿದ್ದುದಕ್ಕೂ ಇದೇ ಒಂದು ಕಾರಣ: ಟರ್ಪೆಂಟೈನಿನ ಮೇಲ್ಮೈ ಎಳೆತ ನೀರಿನದರ ಅರ್ಧಕ್ಕಿಂತ ಕಡಿಮೆ. ಅದರ ಹೊಗೆ ಒಳ್ಳೆಯದಲ್ಲ, ಬೇಗ ಬೆಂಕಿಯೂ ಹಿಡಿಯುತ್ತದೆ. ನಿಮಗೆ ಸೋಪೇ ಸಾಕು.

ಆದರೆ ನೆರಳನ್ನು ಬಣ್ಣದಲ್ಲಿ ಯಾಕೆ ಬಳಿಯಬೇಕು? ಮಾದರಿಗೂ ತನ್ನದೇ ನೆರಳು ಬೀಳುತ್ತದಲ್ಲ? ಒಬ್ಬ ಹುಡುಗ ಕೇಳಿದ, ಒಳ್ಳೆಯ ಪ್ರಶ್ನೆ. ಹೊರಗೆ ನಿಜವಾದ ಟ್ಯಾಂಕಿಗೆ ಬೆಳಕು ಸೂರ್ಯನಿಂದ ಬರುತ್ತದೆ. ಸೂರ್ಯ ನಮ್ಮ ಕಣ್ಣಿಗೆ ಅರ್ಧ ಡಿಗ್ರಿಯಷ್ಟು ಚಿಕ್ಕ ಬಿಲ್ಲೆ, ಹಾಗಾಗಿ ನೆರಳಿನ ಅಂಚು ಚೂಪು. ತರಗತಿಯಲ್ಲಿ ಮೇಲೆ ನಾಲ್ಕು ಅಡಿಯ, ಅಂದರೆ 120 ಸೆಂ.ಮೀ. ಟ್ಯೂಬ್‌ಲೈಟ್. ಟ್ಯಾಂಕನ್ನು ಕುಗ್ಗಿಸಿದೆವು, ದೀಪವನ್ನು ಕುಗ್ಗಿಸಲಿಲ್ಲ. ನಮ್ಮ ಪುಟ್ಟ ಟ್ಯಾಂಕಿನ ಲೆಕ್ಕದಲ್ಲಿ ಅದು 42 ಮೀಟರ್ ಉದ್ದದ ದೀಪ! ಅಷ್ಟಗಲದಿಂದ ಬೆಳಕು ಬಂದರೆ ಸಂದಿಗಳ ನೆರಳೆಲ್ಲ ಅರೆನೆರಳಾಗಿ ಕರಗಿಹೋಗುತ್ತದೆ, ಟ್ಯಾಂಕು ಚಪ್ಪಟೆ ಆಟಿಕೆಯಾಗುತ್ತದೆ. ಕಳೆದುಹೋದ ನೆರಳನ್ನು ವಾಶ್ ವಾಪಸ್ ತರುತ್ತದೆ, ಕಳೆದ ಹೊಳಪನ್ನು ಒಣ ಕುಂಚ ತರುತ್ತದೆ. ನಂಬಿಕೆ ಬರದಿದ್ದರೆ ಬಣ್ಣ ಹಚ್ಚದ ಮಾದರಿಯನ್ನು ಒಮ್ಮೆ ಟ್ಯೂಬ್‌ಲೈಟಿನಲ್ಲಿ, ಒಮ್ಮೆ ಬಿಸಿಲಲ್ಲಿ ಇಟ್ಟು ನೋಡಿ. ಅಂದಹಾಗೆ, ಡಯೊರಾಮಾ ಎಂಬ ಹೆಸರೇ ಬೆಳಕಿನ ಆಟದಿಂದ ಬಂದದ್ದು. 1822ರಲ್ಲಿ ಪ್ಯಾರಿಸ್‌ನಲ್ಲಿ ಡಾಗೆರ್ ಮತ್ತು ಬೂಟನ್ ದೊಡ್ಡ ಚಿತ್ರದ ಪರದೆಗಳ ಮೇಲೆ ಬೆಳಕು ಬದಲಾಯಿಸಿ ತೋರಿಸುತ್ತಿದ್ದ ಪ್ರದರ್ಶನದ ಹೆಸರು ಅದು. ಮುಂದೆ ಛಾಯಾಗ್ರಹಣಕ್ಕೆ ಹೆಸರಾದ ಡಾಗೆರ್ ಇವರೇ.

ಕೊನೆಗೆ ಹೊಲದಲ್ಲಿ ನಿಂತ ನೀರು. "ನೀರೇ ಹಾಕೋಣ್ರಿ ಸರ್" ಅಂದರು. ಹಾಕಿ ನೋಡಿದೆವು. ನೀರು ಟ್ಯಾಂಕಿನ ಅಂಚಿಗೆ ಅಂಟಿ 2 ಮಿ.ಮೀ. ಮೇಲೇರಿ ಬಾಗಿ ನಿಂತಿತು. ನಿಜದಲ್ಲಿ ಅದು 7 ಸೆಂ.ಮೀ. ಏರಿದ ಹಾಗೆ! ಹೊಲದ ನೀರು ಹಾಗೆ ನಿಲ್ಲುವುದನ್ನು ಯಾರೂ ಕಂಡಿಲ್ಲ. ನೀರಿನ ಮೇಲ್ಮೈ ಎಳೆತಕ್ಕೆ ನಮ್ಮ ಸ್ಕೇಲ್ ಗೊತ್ತಿಲ್ಲ. ಆಮೇಲೆ ಫೆವಿಕಾಲ್ ದಪ್ಪಗೆ ಸುರಿದೆವು. ವಾರ ಕಳೆದರೂ ಒಳಗೆ ಬೆಳ್ಳಗೇ ಇತ್ತು. ತಗ್ಗಿಗೆ ಮೊದಲು ಕೆಸರಿನ ಕಂದು ಬಣ್ಣ ಬಳಿದು, ಅದರ ಮೇಲೆ ಪಾರದರ್ಶಕ ವಾರ್ನಿಶ್ ಅನ್ನು ತೆಳುವಾಗಿ, ಒಂದು ಪದರ ಪೂರ್ತಿ ಒಣಗಿದ ಮೇಲೆ ಇನ್ನೊಂದರಂತೆ ಹಚ್ಚಿದ್ದೇ ಸರಿಹೋಯಿತು. ಕಿಟಕಿ ತೆರೆದಿಟ್ಟು ಹಚ್ಚಿ.

ಈ ವರ್ಷ ಅದೇ ಹುಡುಗಿ 8.6 ಸೆಂ.ಮೀ.ನ ಕಡ್ಡಿಗಳನ್ನು ಒಂದೊಂದಾಗಿ ನೆಟ್ಟಳು. ಹಲಗೆಯ ಹಿಂಬದಿಗೆ ಕಬ್ಬಿನ ಗೋಡೆಯೇ ಎದ್ದಿತು, ಅದರಾಚೆ ಏನಿದೆ ಅಂತ ಕಾಣದು. ಶಾಲೆಯಲ್ಲಿ ಮೊದಲು ತೋರಿಸಿದ ದಿನ ಪಾಲಕರೊಬ್ಬರು ಬಗ್ಗಿ ಹುಡುಕಿ, "ನಮ್ಮ ಟ್ಯಾಂಕ್ ಎಲ್ಲೈತಿ?" ಎಂದು ಕೇಳಿದರು. ಅವಳು ಅವರನ್ನು ವರಾಂಡಾಕ್ಕೆ ಕರೆದುಕೊಂಡು ಹೋಗಿ, ಹಲಗೆಯಿಂದ 14.3 ಮೀಟರ್ ಟೇಪು ಹಿಡಿದು ಸೀಮೆಸುಣ್ಣದಲ್ಲಿ ಎಳೆದಿದ್ದ ಗೆರೆ ತೋರಿಸಿದಳು. "ಇಲ್ಲೈತ್ರಿ ಕಾಕಾ. ಇಲ್ಲಿಂದ ಆ ಪ್ಯಾಟನ್ ಕಾಣಸ್ತದೇನ್ ನೋಡ್ರಿ."