ಗಾಳಿ ಎತ್ತುತ್ತೆ, ಕಬ್ಬಿಣ ಹೊರುತ್ತೆ

ಅಕ್ಕಂದಿರೇ, ನೀವು ಕುಕ್ಕರಿನಲ್ಲಿ ಬೇಳೆ ಬೇಯಿಸಿದ್ದೀರಿ. ಒಳಗೆ ಆವಿ ತುಂಬುತ್ತೆ. ಹೊರಗೆ ಹೋಗಲು ದಾರಿ ಇಲ್ಲ. ತುಂಬಿ ತುಂಬಿ ಕೊನೆಗೆ ಮೇಲಿನ ವಿಷಲ್ಲನ್ನೇ ಎತ್ತಿಬಿಡುತ್ತೆ. ಆವಿ ಹೀಗೆ ತಳ್ಳುವುದಕ್ಕೆ ಒತ್ತಡ ಎನ್ನುತ್ತಾರೆ.

ಆ ಒತ್ತಡ ಎಷ್ಟು? ನಿಮ್ಮ ಕಿರುಬೆರಳಿನ ಉಗುರು ನೋಡಿ. ಹೆಚ್ಚು ಕಡಿಮೆ ಅಷ್ಟು ಜಾಗಕ್ಕೆ ಒಂದು ಚದರ ಸೆಂಟಿಮೀಟರ್ ಎನ್ನುತ್ತಾರೆ. ಕುಕ್ಕರಿನೊಳಗೆ ಅಷ್ಟು ಜಾಗದ ಮೇಲೆ ಆವಿ ಸುಮಾರು 1 ಕಿಲೋ ಭಾರದಷ್ಟು ತಳ್ಳುತ್ತೆ. ಇಷ್ಟೇ ಒತ್ತಡದಿಂದ ಕಾರಿನ ಒಂದು ಪಕ್ಕವನ್ನು ಎತ್ತಬಹುದು. ನಂಬೋದಿಲ್ಲವೇ? ನಂಬಬೇಡಿ. ಲೆಕ್ಕ ಹಾಕಿ ನೋಡೋಣ.

ಹೆದ್ದಾರಿ ಪಕ್ಕ ಒಂದು ಪಂಕ್ಚರ್ ಅಂಗಡಿ ಇದೆ ಎಂದುಕೊಳ್ಳಿ. ಗಂಡ ಹೆಂಡತಿ ಇಬ್ಬರೂ ದುಡಿಯುತ್ತಾರೆ. ದಿನಕ್ಕೆ ಹತ್ತಾರು ಸಲ ಗಾಡಿ ಎತ್ತಬೇಕು. ಸ್ಕ್ರೂ ಜಾಕನ್ನು ತಿರುಗಿಸಿ ತಿರುಗಿಸಿ ಸೊಂಟ ಹಿಡಿಯುತ್ತೆ. ಅಂಗಡಿಯಲ್ಲಿ ಗಾಳಿ ತುಂಬುವ ಕಂಪ್ರೆಸರ್ ಇದ್ದೇ ಇದೆ. ಆ ಗಾಳಿಯೇ ಗಾಡಿ ಎತ್ತಿದರೆ ಆಗದೇ? ಆಗುತ್ತೆ. ಅದೇ ಗಾಳಿ ಜಾಕು.

ದೊಡ್ಡ ಬಸ್ಸುಗಳ ಕೆಳಗೆ ರಬ್ಬರಿನ ದಪ್ಪ ಚೀಲಗಳನ್ನು ನೋಡಿರಬಹುದು. ಉಬ್ಬಿದ ಬನ್ನುಗಳನ್ನು ಒಂದರ ಮೇಲೊಂದು ಇಟ್ಟಂತೆ ಕಾಣುತ್ತವೆ. ಅದಕ್ಕೆ ಬೆಲ್ಲೋ ಎನ್ನುತ್ತಾರೆ. ಬಸ್ಸು ಕುಲುಕದ ಹಾಗೆ ಅದರೊಳಗಿನ ಗಾಳಿ ತಡೆಯುತ್ತೆ. ಆ ಬೆಲ್ಲೋದ ಕೆಳಗೊಂದು, ಮೇಲೊಂದು ದಪ್ಪ ಕಬ್ಬಿಣದ ತಟ್ಟೆ. ಗಾಳಿ ಹೋಗಲು ಒಂದು ತೂತು. ಜಾಕಿನ ಮೈ ಇಷ್ಟೇ.

ಈಗ ಲೆಕ್ಕ. ಒಂದು ಗೇಣು ಅಗಲದ ಬೆಲ್ಲೋ ತೆಗೆದುಕೊಳ್ಳಿ. ಅದರ ಮೇಲೆ ಸುಮಾರು 400 ಉಗುರಿನಷ್ಟು ಜಾಗ ಇದೆ. ಅಂದರೆ 400 ಚದರ ಸೆಂಟಿಮೀಟರ್. ಒಂದೊಂದರ ಮೇಲೂ 1 ಕಿಲೋ ತಳ್ಳಿದರೆ ಒಟ್ಟು 400 ಕಿಲೋ ಆಯಿತು. ಮಾರುತಿ 800 ಕಾರಿನ ತೂಕ ಸುಮಾರು 650 ಕಿಲೋ. ಒಂದು ಪಕ್ಕ ಮಾತ್ರ ಎತ್ತಿದರೆ ಅದರ ಅರ್ಧ, 325 ಕಿಲೋ. ನೋಡಿದಿರಾ? ಕುಕ್ಕರಿನಷ್ಟೇ ಒತ್ತಡ, ಕಾರು ಮೇಲೆ! ಗಾಳಿಗೆ ರಟ್ಟೆ ಇಲ್ಲ. ಅದರ ಬಲವೆಲ್ಲ ಜಾಗದ ಅಗಲದಲ್ಲಿದೆ.

ಅಗಲ ಇನ್ನೂ ಹೆಚ್ಚಾದರೆ ಒತ್ತಡ ಇನ್ನೂ ಕಡಿಮೆ ಸಾಕು. ಮರಳಿನಲ್ಲಿ ಹೂತ ಗಾಡಿ ಎತ್ತಲು ಒಂದು ಬಗೆಯ ದೊಡ್ಡ ಚೀಲ ಇದೆ. ಅದು ಅದೇ ಗಾಡಿಯ ಸೈಲೆನ್ಸರ್ ಹೊಗೆಯಿಂದಲೇ ಉಬ್ಬುತ್ತೆ! ಚೀಲ ಅಗಲ ಇರೋದರಿಂದ ಮರಳಿನಲ್ಲಿ ಇಳಿಯೋದೂ ಇಲ್ಲ.

ಪಂಕ್ಚರ್ ಅಂಗಡಿಯ ಅಕ್ಕನಿಗೂ ಪಕ್ಕದ ಮನೆಯ ತಂಗಿಗೂ ಮಾತು ನಡೆಯುತ್ತಿದೆ. ಕೇಳೋಣ.

"ಅಕ್ಕಾ, ಇದಕ್ಕೆ ಹಳೇ ಲಾರಿ ಟ್ಯೂಬು ಸಾಲದಾ? ಸುಮ್ನೆ ಬಿದ್ದಿರುತ್ತಲ್ಲ."

"ಸಾಲದು ಕಣೆ. ಟ್ಯೂಬು ಬರೀ ರಬ್ಬರು. ಗಾಳಿ ಹಾಕಿದಂಗೆಲ್ಲ ಬಲೂನಿನಂಗೆ ಹಿಗ್ಗುತ್ತೆ. ಆಮೇಲೆ ಒಡೀತದೆ. ಬೆಲ್ಲೋ ರಬ್ಬರಿನೊಳಗೆ ಗಟ್ಟಿ ದಾರದ ಪದರ ಇರುತ್ತೆ. ಅದು ಹಿಗ್ಗೋಕೆ ಬಿಡಲ್ಲ."

"ಗುಜರಿ ಅಂಗಡೀಲಿ ಹಳೇ ಬೆಲ್ಲೋ ಸಿಗುತ್ತಂತಲ್ಲ?"

"ಸಿಗುತ್ತೆ. ಮಡಿಕೆ ಬಿಡಿಸಿ ನೋಡು. ಬಿರುಕು ಬಿಟ್ಟಿದ್ರೆ, ಒಳಗಿನ ದಾರ ಕಂಡ್ರೆ, ಪುಕ್ಕಟೆ ಕೊಟ್ರೂ ಬೇಡ. ಹೊಸದನ್ನೇ ತಗೋ."

"ಪೈಪಿಗೆ? ಮನೇಲಿ ನೀರಿನ ಪಿ.ವಿ.ಸಿ. ಪೈಪು ಮಿಕ್ಕಿದೆ."

"ಅದನ್ನಂತೂ ಮುಟ್ಟಬೇಡ ತಾಯಿ! ನೀರಿಗೆ ಅದು ಸರಿ. ಗಾಳಿ ತುಂಬಿ ಒಡೆದ್ರೆ ಗಾಜಿನ ಚೂರಿನಂಗೆ ಸಿಡಿಯುತ್ತೆ. ಕಂಪ್ರೆಸರ್‌ಗೆ ಅಂತಲೇ ರಬ್ಬರ್ ಪೈಪು ಬರುತ್ತೆ. ಅದನ್ನೇ ಹಾಕು."

ಅಕ್ಕ ಹೇಳಿದ್ದು ಸರಿ. ನೀರು ತುಂಬಿದ ಚೀಲ ಒಡೆದರೆ ನೀರು ಸೋರಿ ಹೋಗುತ್ತೆ. ಗಾಳಿ ಹಾಗಲ್ಲ. ಗಾಳಿಯನ್ನು ಒತ್ತಿ ಒತ್ತಿ ಒಳಗೆ ತುರುಕಿರುತ್ತೇವೆ. ಬಿಟ್ಟರೆ ಅದು ಒಮ್ಮೆಲೇ ಹಿಗ್ಗಿ ನುಗ್ಗುತ್ತೆ. ಅದಕ್ಕೇ ಹೊಸದಾಗಿ ಮಾಡಿದ ಜಾಕಿಗೆ ಮೊದಲು ನೀರು ತುಂಬಿಸಿ ಪರೀಕ್ಷೆ ಮಾಡಿಸಬೇಕು. ಎರಡು ತಟ್ಟೆಗಳನ್ನೂ ನಾಲ್ಕು ಉದ್ದ ಬೋಲ್ಟುಗಳಿಂದ ಬಿಗಿದು, ಕೈಪಂಪಿನಿಂದ ನೀರು ಒತ್ತುತ್ತಾರೆ. ನಾವು 3 ಕಿಲೋ ಒತ್ತಡದಲ್ಲಿ ಕೆಲಸ ಮಾಡುವುದಾದರೆ ನಾಲ್ಕೂವರೆ ಕಿಲೋವರೆಗೆ ನೋಡುತ್ತಾರೆ. ಈ ಪರೀಕ್ಷೆಯನ್ನೂ ವೆಲ್ಡಿಂಗನ್ನೂ ಕೆಲಸ ಬಲ್ಲವರಿಂದಲೇ ಮಾಡಿಸಿ. ಇದು ಹೆದರಿಸುವ ಮಾತಲ್ಲ. ಅಂಗಡಿಯಲ್ಲಿ ತಯಾರಾದ ಗಾಳಿ ಜಾಕು ಸಿಗುತ್ತೆ. ಕೈಯಲ್ಲಿ ದುಡ್ಡಿದ್ದರೆ ಅದನ್ನು ಕೊಳ್ಳುವುದೇ ಮೇಲು.

ಮನೆಯ ಜಾಕಿಗೆ ಇನ್ನು ಕೆಲವು ಸಾಮಾನು ಬೇಕೇ ಬೇಕು. ಅವುಗಳಲ್ಲಿ ಹೆಚ್ಚಿನವು ನಮಗೆ ಗುರುತಿನವೇ.

ಅಡುಗೆ ಗ್ಯಾಸಿನ ಮೇಲೆ ರೆಗ್ಯುಲೇಟರ್ ಇರುತ್ತೆ. ಸಿಲಿಂಡರಿನ ಜೋರನ್ನು ಒಲೆಗೆ ತಕ್ಕಷ್ಟು ಇಳಿಸುತ್ತೆ. ಕಂಪ್ರೆಸರ್ ಟ್ಯಾಂಕಿನಲ್ಲಿ 8 ಕಿಲೋ, 10 ಕಿಲೋ ಒತ್ತಡ ಇರಬಹುದು. ಅದನ್ನು 3 ಕಿಲೋಗೆ ಇಳಿಸಲು ಗಾಳಿಯ ರೆಗ್ಯುಲೇಟರ್ ಬೇಕು. ಗ್ಯಾಸಿನದ್ದನ್ನು ಕಿತ್ತು ಹಾಕಬಾರದು. ಕುಕ್ಕರಿನಂತೆ ಜಾಕಿಗೂ ಸೇಫ್ಟಿ ವಾಲ್ವ್ ಇರಲಿ. ಒತ್ತಡ 3 ಕಿಲೋ ದಾಟಿದರೆ ಅದೇ ತೆರೆದುಕೊಂಡು ಗಾಳಿ ಬಿಡಬೇಕು. ಬಾವಿಯ ಪಂಪಿನ ಪೈಪಿನ ತುದಿಯಲ್ಲಿ ಫುಟ್ ವಾಲ್ವ್ ಇರುತ್ತಲ್ಲ? ಮೇಲೆ ಬಂದ ನೀರು ವಾಪಸು ಹೋಗಲು ಬಿಡೋದಿಲ್ಲ. ಜಾಕಿನ ಬಾಯಲ್ಲೂ ಅಂಥದ್ದೇ ಒಂದು ವಾಲ್ವ್ ಕೂರಿಸಬೇಕು. ಆಗ ಪೈಪು ಹರಿದರೂ ಗಾಡಿ ದಪ್ಪೆಂದು ಬೀಳೋದಿಲ್ಲ. ಗಾಡಿ ಇಳಿಸಲು ಬೇರೆ ನಲ್ಲಿ. ಸೇಫ್ಟಿ ವಾಲ್ವ್, ಮೀಟರು, ಇಳಿಸುವ ನಲ್ಲಿ, ಈ ಮೂರೂ ಬೆಲ್ಲೋ ಕಡೆಗೇ ಇರಬೇಕು.

ಈಗ ಮೀಟರಿಗೆ ಬರೋಣ. ಅಕ್ಷರ, ಅಂಕಿ ಕಲಿತದ್ದು ಇಲ್ಲಿ ಕೆಲಸಕ್ಕೆ ಬರುತ್ತೆ. ಬಹಳ ಮೀಟರುಗಳಲ್ಲಿ ಅಂಕಿಗಳ ಎರಡು ಸುತ್ತು ಇರುತ್ತೆ. ಒಂದು ಕಿಲೋ ಲೆಕ್ಕ. ಇನ್ನೊಂದು ಪಿ.ಎಸ್.ಐ. ಲೆಕ್ಕ. 1 ಕಿಲೋ ಅಂದರೆ ಸುಮಾರು 14 ಪಿ.ಎಸ್.ಐ. ಮುಳ್ಳು ಒಂದೇ, ಆದರೆ ಅದು ತೋರಿಸುವ ಅಂಕಿ ಎರಡು. ಯಾವ ಸುತ್ತನ್ನು ಓದುತ್ತಿದ್ದೇವೆ ಎಂದು ಮೊದಲು ತಿಳಿಯಬೇಕು. 28 ಎಂದು ಕಂಡರೆ ಗಾಬರಿ ಬೇಡ, ಅದು 2 ಕಿಲೋ. ಆದರೆ ಕಿಲೋ ಸುತ್ತಿನಲ್ಲಿ 10 ಕಂಡರೆ? 400ನ್ನು 10ರಿಂದ ಗುಣಿಸಿ. 4000 ಕಿಲೋ ಬಲ! ಬೋಲ್ಟು ಕಿತ್ತು ತಟ್ಟೆ ಹಾರಿದರೆ ಎದುರಿಗೆ ನಿಂತವರ ಗತಿ ಏನು?

ಭಾರ ಇಲ್ಲದ ಬೆಲ್ಲೋಗೆ ಗಾಳಿ ತುಂಬಬೇಡಿ. ಅದು ಮಿತಿ ಮೀರಿ ಎದ್ದು ಹರಿಯುತ್ತೆ. ಮೇಲಿನ ತಟ್ಟೆಗೂ ಕೆಳಗಿನ ತಟ್ಟೆಗೂ ಸರಪಳಿ ಕಟ್ಟಿರಬೇಕು. ಇನ್ನೊಂದು ವಿಷಯ. ಬೆಲ್ಲೋ ಎತ್ತರಕ್ಕೆ ಏಳುತ್ತಾ ಹೋದಂತೆ ಅದರ ಬಲ ಕಮ್ಮಿಯಾಗುತ್ತೆ. ಪಕ್ಕಕ್ಕೆ ವಾಲುತ್ತೆ ಕೂಡ. ವಾಲದ ಹಾಗೆ ತಡೆಯಲು ಪೈಪಿನೊಳಗೆ ಪೈಪು ಜಾರುವಂತೆ ಮಾಡಿ ತಟ್ಟೆಗಳಿಗೆ ಕೂರಿಸುತ್ತಾರೆ. ಗಾಳಿ ಎಲ್ಲಾದರೂ ಸೋರುತ್ತಿದೆಯೇ ಎಂದು ನೋಡಲು ಸೋಪಿನ ನೀರು ಸಾಕು. ಹಚ್ಚಿದ ಕಡೆ ಗುಳ್ಳೆ ಎದ್ದರೆ ಸೋರುತ್ತಿದೆ ಎಂದರ್ಥ.

ಎಷ್ಟೇ ಚೆನ್ನಾಗಿ ಮಾಡಿದರೂ ಗಾಳಿ ಇಳಿಯುವಂಥದ್ದು. ಒಂದು ಸಣ್ಣ ಮೊಳೆ ಚುಚ್ಚಿದರೆ ಸಾಕು. ಅದಕ್ಕೇ ಗಾಳಿಯಿಂದ ಎತ್ತಬೇಕು, ಕಬ್ಬಿಣದ ಮೇಲೆ ನಿಲ್ಲಿಸಬೇಕು.

"ಅಕ್ಕಾ, ಎರಡು ನಿಮಿಷದ ಕೆಲಸ. ಹಂಗೇ ಅಡಿಗೆ ನುಗ್ಗಿ ಬಂದ್ರೆ ಏನಾಗುತ್ತೆ?"

"ಎರಡು ನಿಮಿಷ ಅಂತ ಗಾಡಿಗೆ ಗೊತ್ತೇನೆ? ಮೊದಲು ಗಟ್ಟಿ ನೆಲ, ಸಮ ನೆಲ ನೋಡ್ತೀನಿ. ಹ್ಯಾಂಡ್ ಬ್ರೇಕ್ ಎಳೀತೀನಿ. ನೆಲದ ಮೇಲಿರೋ ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಡ್ತೀನಿ. ಗಾಡಿಯೊಳಗೆ ಯಾರೂ ಇರಬಾರದು. ಬಿಸಿ ಸೈಲೆನ್ಸರ್ ತಾಗದ ಕಡೆ, ಗಟ್ಟಿ ಚಾಸಿ ಕೆಳಗೆ ಜಾಕು ಇಡ್ತೀನಿ. ದೂರ ನಿಂತು ನಿಧಾನಕ್ಕೆ ಗಾಳಿ ಬಿಡ್ತೀನಿ. ಎದ್ದ ಮೇಲೆ ಎರಡು ಕಬ್ಬಿಣದ ಸ್ಟ್ಯಾಂಡ್ ಇಟ್ಟು, ಗಾಳಿ ಇಳಿಸಿ ಗಾಡೀನ ಅದರ ಮೇಲೆ ಕೂರಿಸ್ತೀನಿ. ಕೈಯಿಂದ ಒಂದ್ಸಲ ಅಲ್ಲಾಡಿಸಿ ನೋಡ್ತೀನಿ. ಆಮೇಲೆ ಕೆಳಗೆ."

"ಸ್ಟ್ಯಾಂಡ್ ಬದಲು ಇಟ್ಟಿಗೆ ಜೋಡಿಸಿದ್ರೆ?"

"ಇಟ್ಟಿಗೆ, ಹಾಲೋ ಬ್ಲಾಕು, ಯಾವುದೂ ಬೇಡ. ಭಾರಕ್ಕೆ ಪುಡಿಯಾಗ್ತವೆ."

ಅಭ್ಯಾಸ

ಇವನ್ನು ಗಟ್ಟಿಯಾಗಿ ಓದಿ: ಒತ್ತಡ, ಕಬ್ಬಿಣ, ತಟ್ಟೆ, ಸ್ಟ್ಯಾಂಡ್, ಸರಪಳಿ, ರೆಗ್ಯುಲೇಟರ್.

ಒಂದು ಜೀಪಿನ ತೂಕ 1500 ಕಿಲೋ ಎಂದುಕೊಳ್ಳಿ. ಒಂದು ಪಕ್ಕ ಎತ್ತಬೇಕು. ಜಾಕಿನ ಅಗಲ 400 ಚದರ ಸೆಂಟಿಮೀಟರ್. 1 ಕಿಲೋ ಒತ್ತಡ ಸಾಕೇ? 2 ಕಿಲೋ ಬೇಕೇ? ಲೆಕ್ಕ ಮಾಡಿ ಬರೆಯಿರಿ.

ಮೀಟರಿನ ಮುಳ್ಳು ಪಿ.ಎಸ್.ಐ. ಸುತ್ತಿನಲ್ಲಿ 42ರ ಮೇಲಿದೆ. ಕಿಲೋ ಲೆಕ್ಕದಲ್ಲಿ ಎಷ್ಟು?

ಬೆಳಿಗ್ಗೆ ಜೀಪು ಎತ್ತಿದಾಗ ಮುಳ್ಳು 2 ಕಿಲೋ ತೋರಿಸುತ್ತಿತ್ತು. ಸ್ಟ್ಯಾಂಡ್ ಇನ್ನೂ ಇಟ್ಟಿಲ್ಲ. ಚಹಾ ಕುಡಿದು ಬಂದು ನೋಡಿದರೆ ಜೀಪು ಎರಡು ಬೆರಳು ಕೆಳಗೆ ಇಳಿದಿದೆ. ಯಾಕೆ? ನೀವು ಮೊದಲು ಏನು ಮಾಡುತ್ತೀರಿ? ಪಕ್ಕದವರೊಡನೆ ಮಾತಾಡಿ, ಎರಡು ಸಾಲು ಬರೆಯಿರಿ.